ಎಲ್ಲರನ್ನೂ ಎಬ್ಬಿಸಿದವಳನ್ನು ಎಬ್ಬಿಸಲು ಅನುಮತಿ ಕೋರಿ

ಮಾನ್ಯ ಪರೀಕ್ಷಾ ನಿಯಂತ್ರಕರೇ,

ನನ್ನ ಮಗಳು ನಿಮ್ಮ ಪರೀಕ್ಷಾ ಕೊಠಡಿಯಲ್ಲಿ ನಿದ್ದೆ ಹೋದಳು. ಗಣಿತದ ಉತ್ತರ ಪತ್ರಿಕೆಯಲ್ಲಿ ಎರಡು ಪುಟ ಬರೆದು, ಮೂರನೆಯ ಪುಟದ ಅಂಚಿನಲ್ಲಿ ಪ್ರಶ್ನೆಯ ಸಂಖ್ಯೆ ಹಾಕಿ, ಡೆಸ್ಕಿನ ಮೇಲೆ ತಲೆಯಿಟ್ಟವಳು ಕೊನೆಯ ಗಂಟೆ ಬಾರಿಸುವವರೆಗೂ ಏಳಲಿಲ್ಲ. ಕೊಠಡಿಯ ತುಂಬ ಜನರಿದ್ದರು. ಯಾರೂ ಎಬ್ಬಿಸಲಿಲ್ಲ. ಎಬ್ಬಿಸುವಂತಿಲ್ಲ ಎಂಬುದು ನಿಮ್ಮ ನಿಯಮ. ನನ್ನ ದೂರು ಇಷ್ಟೇ. ಮುಂದೆ ಬರೆಯುವುದೆಲ್ಲ ಇದರ ವಿವರ.

ನಾನು ಬಸ್ ಕಂಡಕ್ಟರ್. ಓದಿದ್ದು ಹೆಚ್ಚಿಲ್ಲ, ಆದರೆ ದಿನಪತ್ರಿಕೆ ತಪ್ಪಿಸಿದವನಲ್ಲ. ಡಿಪೋದ ಕ್ಯಾಂಟೀನಿನಲ್ಲಿ ಪೇಪರು ಹತ್ತು ಕೈ ದಾಟಿ ನನ್ನ ಕೈಗೆ ಬರುವಷ್ಟರಲ್ಲಿ ಮೂಲೆಗಳು ಮಡಚಿರುತ್ತವೆ, ಚಹಾದ ಕಲೆ ಬಿದ್ದಿರುತ್ತದೆ. ಆದರೂ ವಾಚಕರ ಪತ್ರಗಳ ಅಂಕಣದವರೆಗೆ ಓದಿಯೇ ಮಡಚುತ್ತೇನೆ. ಯಾರು, ಏನು, ಎಲ್ಲಿ, ಹೇಗೆ ಎಂದು ಹೇಳದೆ ಬರೀ ಗೋಳಾಡಿದರೆ ಅದು ದೂರಾಗುವುದಿಲ್ಲ ಎಂದು ಕಲಿತದ್ದು ಅಲ್ಲಿಯೇ. ಹಾಗಾಗಿ ಆದದ್ದನ್ನು ಆದಂತೆ ಬರೆಯುತ್ತೇನೆ. ನಡುವೆ ಎಲ್ಲಾದರೂ ದನಿ ಏರಿದ್ದರೆ ಅದು ಬರಹಗಾರನದಲ್ಲ, ಅಪ್ಪನದು.

ಮೊದಲು ನಿಮ್ಮ ಕಚೇರಿಗೆ ಒಂದು ಅಭಿನಂದನೆ. ಪರೀಕ್ಷೆಗೆ ಮುನ್ನ ನೀವು ಎಲ್ಲ ಕಾಲೇಜುಗಳಿಗೂ ಹಾಸ್ಟೆಲುಗಳಿಗೂ ಒಂದು ಭಿತ್ತಿಚಿತ್ರ ಕಳುಹಿಸಿದ್ದಿರಿ. ನೀಲಿ ಹೊದಿಕೆ ಹೊದ್ದು, ಕೆನ್ನೆಯ ಕೆಳಗೆ ಕೈಯಿಟ್ಟು ಮಲಗಿದ ಒಬ್ಬ ಹುಡುಗಿ, ನಿದ್ದೆಯಲ್ಲೂ ನಗುತ್ತಿದ್ದಾಳೆ. ಕೆಳಗೆ ‘ಚೆನ್ನಾಗಿ ನಿದ್ದೆ ಮಾಡಿ, ಚೆನ್ನಾಗಿ ಬರೆಯಿರಿ’ ಎಂಬ ಸಾಲು. ಅದರಡಿ ಸಲಹೆಗಳು: ಹೊತ್ತಿಗೆ ಸರಿಯಾಗಿ ಮಲಗಿ, ಮಲಗುವ ಮುನ್ನ ಮೊಬೈಲ್ ನೋಡಬೇಡಿ, ಬೆಚ್ಚಗಿನ ಹಾಲು ಕುಡಿಯಿರಿ, ಮನಸ್ಸನ್ನು ಹಗುರವಾಗಿಟ್ಟುಕೊಳ್ಳಿ. ಎಲ್ಲವೂ ಒಳ್ಳೆಯ ಮಾತು. ನನ್ನ ಮಗಳ ಹಾಸ್ಟೆಲಿನಲ್ಲಿ ಅದನ್ನು ಮೊದಲ ಮಹಡಿಯ ಮೆಟ್ಟಿಲ ಬಳಿ ಅಂಟಿಸಿದ್ದರು. ಅದರ ಪಕ್ಕದಲ್ಲೇ ನಿಮ್ಮ ಕಚೇರಿಯಿಂದಲೇ ಬಂದ ಇನ್ನೊಂದು ಸುತ್ತೋಲೆ ಇತ್ತು: ಫಲಿತಾಂಶ ಸುಧಾರಣೆಗಾಗಿ ಪರೀಕ್ಷೆ ಮುಗಿಯುವವರೆಗೆ ಪ್ರತಿದಿನ ಸೂರ್ಯೋದಯಕ್ಕೆ ಮುಂಚೆ ‘ವಿಶೇಷ ಅಧ್ಯಯನ’ ಕಡ್ಡಾಯ, ರಾತ್ರಿಯ ಅಧ್ಯಯನ ಎಂದಿನಂತೆ. ಎರಡಕ್ಕೂ ಒಂದೇ ಮೊಹರು. ಒಂದೇ ಗೋಡೆಯ ಮೇಲೆ ಮಲಗಿ ಎಂಬ ಆಜ್ಞೆಯೂ ಏಳಿ ಎಂಬ ಆಜ್ಞೆಯೂ ಇದ್ದರೆ ಮಕ್ಕಳು ಯಾವುದನ್ನು ಪಾಲಿಸಬೇಕು? ನೀವು ಒಂದು ಕೈಯಿಂದ ಹೊದಿಸಿ ಇನ್ನೊಂದು ಕೈಯಿಂದ ಎಳೆದಿರಿ.

ಈಗ ಆ ಹಾಸ್ಟೆಲಿನ ವಿಚಾರ. ವಾರ್ಡನ್ ಅಮ್ಮನಿಗೆ ಮಂಡಿನೋವು. ಮೇಲಿನ ಮಹಡಿಗೆ ದಿನಕ್ಕೊಮ್ಮೆ ಹತ್ತಿದರೆ ಅದೇ ದೊಡ್ಡದು. ಹಾಗಾಗಿ ಮೇಲಿನ ಮಹಡಿಯ ಹುಡುಗಿಯರನ್ನು ಎಬ್ಬಿಸುವ ಕೆಲಸವನ್ನು ಹುಡುಗಿಯರಲ್ಲೇ ಒಬ್ಬಳಿಗೆ ಒಪ್ಪಿಸುವುದು ಅಲ್ಲಿಯ ರೂಢಿ. ವಾರಕ್ಕೊಬ್ಬರಂತೆ ಪಾಳಿ ಬದಲಾಗಬೇಕು. ಆದರೆ ಬೇರೆಯವರ ವಾರದಲ್ಲಿ ಎಬ್ಬಿಸಬೇಕಾದವಳೇ ಮಲಗಿಬಿಟ್ಟು ಎರಡು ಸಲ ಇಡೀ ಮಹಡಿ ‘ವಿಶೇಷ ಅಧ್ಯಯನ’ವನ್ನು ತಪ್ಪಿಸಿಕೊಂಡಿತಂತೆ. ಆಮೇಲೆ ಪಾಳಿ ನನ್ನ ಮಗಳ ಬಳಿಯೇ ಉಳಿಯಿತು. ಅವಳು ಅಲಾರಂ ಇಲ್ಲದೆ ಏಳುತ್ತಾಳೆ. ಯಾಕೆಂದರೆ ಅವಳ ಬಾಲ್ಯವೆಲ್ಲ ಬೆಳಗಿನ ಮೊದಲ ಟ್ರಿಪ್ಪಿಗೆ ಹೊರಡುವ ಅಪ್ಪನ ಜೊತೆ ಎದ್ದು, ಬಾಗಿಲಲ್ಲಿ ನಿಂತು ಕೈಬೀಸುವುದರಲ್ಲಿ ಕಳೆದದ್ದು.

ಎಬ್ಬಿಸುವುದನ್ನು ಅವಳು ಕಲಿತದ್ದೂ ನನ್ನಿಂದಲೇ. ಮಾನ್ಯರೇ, ನನ್ನ ಕಸುಬಿನ ಅರ್ಧ ಭಾಗ ಟಿಕೆಟ್ ಕೊಡುವುದು, ಇನ್ನರ್ಧ ನಿದ್ದೆ ಹೋದವರನ್ನು ಎಬ್ಬಿಸುವುದು. ನಮಗೂ ನಿಯಮವಿದೆ: ಪ್ರಯಾಣಿಕರ ಮೈ ಮುಟ್ಟುವಂತಿಲ್ಲ, ಹೆಂಗಸರನ್ನಂತೂ ಖಂಡಿತ ಮುಟ್ಟುವಂತಿಲ್ಲ. ಒಳ್ಳೆಯ ನಿಯಮ. ಆದರೆ ಅದನ್ನು ಬರೆದವರು, ಮಲಗಿದವರನ್ನು ಅವರ ಸ್ಟಾಪು ದಾಟಿಸಿ ಕರೆದೊಯ್ಯಿರಿ ಎಂದು ಬರೆದಿಲ್ಲ. ಹಾಗಾಗಿ ನಾವು ಒಂದು ಉಪಾಯ ಕಂಡುಕೊಂಡಿದ್ದೇವೆ. ಹಿಂದೆ ಟಿಕೆಟಿಗೆ ತೂತು ಹಾಕುತ್ತಿದ್ದ ಪಂಚ್ ಈಗ ಬೇಕಾಗಿಲ್ಲ, ಮೆಷಿನ್ ಬಂದಿದೆ, ನಾನಿನ್ನೂ ಜೇಬಿನಲ್ಲಿಟ್ಟುಕೊಂಡಿದ್ದೇನೆ. ಮಲಗಿದವರ ಮುಂದಿನ ಸೀಟಿನ ಕಬ್ಬಿಣದ ಹಿಡಿಕೆಗೆ ಅದರಿಂದ ಟಕ್ ಟಕ್ ಎಂದು ತಟ್ಟುತ್ತೇನೆ. ಆ ಸದ್ದು ಕಿವಿಗೆ ಬೀಳುವುದಕ್ಕಿಂತ ಮೊದಲು ಮೈಗೆ ತಾಗುತ್ತದೆ. ಆಮೇಲೆ ಮೆಲ್ಲಗೆ, “ನಿಮ್ಮ ಸ್ಟಾಪ್ ಬಂತು” ಎನ್ನುತ್ತೇನೆ. ಅಷ್ಟು ಸಾಕು. ಬೆಚ್ಚಿಬೀಳುವುದಿಲ್ಲ, ಬೈಯುವುದಿಲ್ಲ, ಬಾಯಿ ಒರೆಸಿಕೊಂಡು, ಚೀಲ ತಡಕಾಡಿ, ಇಳಿದು ಹೋಗುತ್ತಾರೆ.

ಮಗಳು ಹಾಸ್ಟೆಲಿನಲ್ಲಿ ಮಾಡುತ್ತಿದ್ದುದೂ ಅದನ್ನೇ. ಮಂಚದ ಕಬ್ಬಿಣಕ್ಕೆ ಬೀಗದ ಕೈಯಿಂದ ತಟ್ಟಿ, “ಏಳ್ರೇ, ನಿಮ್ ಸ್ಟಾಪ್ ಬಂತು” ಎನ್ನುತ್ತಿದ್ದಳು. ಅದಕ್ಕೇ ಅವಳಿಗೆ ‘ಕಂಡಕ್ಟರ್’ ಎಂಬ ಹೆಸರು ಬಿತ್ತು. ನನಗೆ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಫೋನಿನಲ್ಲಿ “ಹೇಗಿದೆಯಮ್ಮಾ ನಿನ್ನ ಸರ್ವೀಸು?” ಎಂದು ಕೇಳುತ್ತಿದ್ದೆ. “ಬಸ್ಸು ಫುಲ್ ಅಪ್ಪಾ, ಫುಟ್‌ಬೋರ್ಡಿನಲ್ಲೂ ಜನ” ಎನ್ನುತ್ತಿದ್ದಳು.

ಬಸ್ಸು ಫುಲ್ ಎಂದರೇನು ಎಂದು ನನಗೆ ಆಮೇಲೆ ತಿಳಿಯಿತು. ಕಡ್ಡಾಯದ ಹೊತ್ತಿಗೆ ಎಲ್ಲರನ್ನೂ ಎಬ್ಬಿಸುವುದು ಒಂದು ಕೆಲಸ. ಅದರ ಮೇಲೆ ಒಬ್ಬೊಬ್ಬ ಹುಡುಗಿಯದೂ ಒಂದೊಂದು ಬೇಡಿಕೆ. “ನಾನು ಈಗ ಸ್ವಲ್ಪ ಮಲಗ್ತೀನಿ ಕಣೇ, ಹನ್ನೆರಡಕ್ಕೆ ಎಬ್ಬಿಸು.” “ನನ್ನನ್ನ ಎರಡಕ್ಕೆ. ಬೈದ್ರೂ ಬಿಡಬೇಡ.” “ನನಗೆ ಕೆಮಿಸ್ಟ್ರಿ ಇನ್ನೂ ಬಾಕಿ, ಎಲ್ಲರಿಗಿಂತ ಮೊದಲು ಎಬ್ಬಿಸೇ ಪ್ಲೀಸ್.” ಇವಳು ಇಲ್ಲ ಎನ್ನಲಿಲ್ಲ. ಯಾವ ಪ್ರಯಾಣಿಕರು ಎಲ್ಲಿ ಇಳಿಯುತ್ತಾರೆಂದು ಕಂಡಕ್ಟರು ನೆನಪಿಟ್ಟುಕೊಳ್ಳುವಂತೆ ಎಲ್ಲರ ಹೊತ್ತನ್ನೂ ನೆನಪಿಟ್ಟುಕೊಂಡಳು. ನೆನಪಿಟ್ಟುಕೊಂಡು ಮಲಗಿದವಳಿಗೆ ನಿದ್ದೆ ಎಲ್ಲಿಂದ ಬರಬೇಕು? ಬಂದರೂ ತುಂಡು ತುಂಡು. ಹರಿದ ಬಟ್ಟೆಯ ಚೂರುಗಳನ್ನೆಲ್ಲ ಒಟ್ಟು ಹಾಕಿದರೆ ಅಂಗಿಯಾಗುತ್ತದೆಯೇ? ಅವಳ ನಿದ್ದೆಯ ಮೇಲೆ ಇಡೀ ಮಹಡಿ ಮಲಗಿತ್ತು, ಮಾನ್ಯರೇ. ಅವಳೊಬ್ಬಳು ಎಚ್ಚರವಿರುತ್ತಾಳೆಂಬ ಧೈರ್ಯದಲ್ಲಿ ಮಿಕ್ಕವರು ಕಣ್ಣು ಮುಚ್ಚಿದರು.

ಗಣಿತದ ದಿನ ಅವಳ ಬೆಂಚು ಕಿಟಕಿಯ ಪಕ್ಕ. ಬೆಳಗಿನ ಎಳೆಬಿಸಿಲು ಬೆನ್ನಿನ ಮೇಲೆ ಬೀಳುತ್ತಿತ್ತಂತೆ. ಫ್ಯಾನು ಒಂದೇ ರಾಗದಲ್ಲಿ ತಿರುಗುತ್ತಿತ್ತು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕೇಳಿದ್ದೆ. ತಿಂಗಳುಗಟ್ಟಲೆ ಚಿಂತೆಯಲ್ಲಿ ಬೆಂದವಳಿಗೂ ನಿದ್ದೆ ಬರುತ್ತದೆ. ಅದು ಹೊತ್ತು ಗೊತ್ತು ನೋಡುವುದಿಲ್ಲ ಅಷ್ಟೆ. ಗಣಿತ ಅವಳಿಗೆ ಬಾರದ ವಿಷಯವಲ್ಲ, ಅವಳ ನೆಚ್ಚಿನ ವಿಷಯ. ಅದಕ್ಕೇ ಇರಬೇಕು, ಮೊದಲ ಎರಡು ಪುಟ ಬರೆಯುತ್ತಿದ್ದಂತೆ ಮೈ ಸಡಿಲವಾಯಿತು. “ಒಂದು ನಿಮಿಷ ಯೋಚನೆ ಮಾಡೋಣ ಅಂತ ತಲೆ ಇಟ್ಟೆ ಅಪ್ಪಾ” ಎಂದಳು. ಇಷ್ಟೇ ಅವಳಿಗೆ ನೆನಪಿರುವುದು. ಆ ಕೊಠಡಿಯ ಗೋಡೆಯಲ್ಲೂ ನಿಮ್ಮ ನೀಲಿ ಹೊದಿಕೆಯ ಹುಡುಗಿ ಇದ್ದಳಂತೆ. ನಿಮ್ಮ ಸಲಹೆಯನ್ನು ಅಷ್ಟು ಶ್ರದ್ಧೆಯಿಂದ ಪಾಲಿಸಿದವರು ಆ ಕೊಠಡಿಯಲ್ಲಿ ಬೇರಾರೂ ಇರಲಿಲ್ಲ.

ಉಳಿದದ್ದನ್ನು ಹೇಳಿದವರು ಅವಳ ಗೆಳತಿಯರು. ಫಲಿತಾಂಶ ಬರುವ ಮುನ್ನವೇ ನಾಲ್ಕೈದು ಹುಡುಗಿಯರು ಮನೆಗೆ ಬಂದು, ನಮ್ಮ ಚಿಕ್ಕ ಹಜಾರದಲ್ಲಿ ಮಂಡಿಗೆ ಮಂಡಿ ತಾಗಿಸಿ ಕುಳಿತು ಹೇಳಿದರು. ಮಗಳ ಹಿಂದಿನ ಬೆಂಚಿನಲ್ಲಿ ಕುಳಿತಿದ್ದವಳಿಗೆ ದಪ್ಪ ಕನ್ನಡಕ. ಎಲ್ಲರೂ ಅವಳನ್ನು ಸೋಡಾಬುಡ್ಡಿ ಎನ್ನುತ್ತಾರೆ. ಇವಳು ಏಳುತ್ತಿಲ್ಲ ಎಂದು ಮೊದಲು ಕಂಡದ್ದು ಆ ಸೋಡಾಬುಡ್ಡಿಗೆ.

“ಅಂಕಲ್, ನಾನು ಮೊದಲು ಕೆಮ್ಮಿದೆ,” ಎಂದಳು.

“ಅದು ಕೆಮ್ಮೇನೇ? ಬೆಕ್ಕು ಸೀನಿದ ಹಾಗಿತ್ತು,” ಎಂದಳು ಪಕ್ಕದವಳು.

“ಆಮೇಲೆ ಜಾಮಿಟ್ರಿ ಬಾಕ್ಸ್ ಬೀಳಿಸಿದೆನಲ್ಲ! ಬೇಕೂಂತಲೇ ಬೀಳಿಸಿದ್ದು ಅಂಕಲ್. ಕಂಪಾಸು ಮೂರು ಬೆಂಚಿನಾಚೆ ಹೋಗಿ ಬಿತ್ತು. ಇವಳು ಅಲ್ಲಾಡಲೇ ಇಲ್ಲ.”

“ನಾನು ಎದ್ದು ನಿಂತು ‘ಮಿಸ್, ಅಡಿಷನಲ್ ಶೀಟ್!’ ಅಂತ ಕಿರುಚಿದೆ,” ಎಂದಳು ಮತ್ತೊಬ್ಬಳು. “ನನ್ನ ಪೇಪರಿನಲ್ಲಿ ಇನ್ನೂ ಅರ್ಧ ಖಾಲಿ ಇತ್ತು. ಮಿಸ್ಸು ನನ್ನ ಪೇಪರ್ ನೋಡಿದ್ರು, ನನ್ನ ಮುಖ ನೋಡಿದ್ರು, ಇವಳನ್ನ ನೋಡಿದ್ರು. ಸುಮ್ಮನೆ ಶೀಟ್ ಕೊಟ್ಟು ಹೋದ್ರು.”

“ಇನ್ನೊಂದು ಸಲ ಸದ್ದಾದರೆ ಹೊರಗೆ ಕಳಿಸಬೇಕಾಗುತ್ತೆ ಅಂದ್ರು. ಅದನ್ನ ಹೇಳೋವಾಗ್ಲೂ ಇವಳ ಕಡೆಗೇ ನೋಡ್ತಿದ್ರು.”

ಆಮೇಲೆ ಎಲ್ಲರೂ ತಲೆ ತಗ್ಗಿಸಿ ಬರೆದರಂತೆ. ಬರೆಯದೆ ಇನ್ನೇನು ಮಾಡುತ್ತಾರೆ? ಈ ಮಕ್ಕಳ ಮೇಲೆ ನನಗೆ ಎಳ್ಳಷ್ಟೂ ಸಿಟ್ಟಿಲ್ಲ. ತಮ್ಮ ಪರೀಕ್ಷೆಯನ್ನು ಪಣಕ್ಕಿಟ್ಟು ಅವರು ಮಾಡಬಹುದಾದದ್ದನ್ನೆಲ್ಲ ಮಾಡಿದರು. ಆದರೆ ಕೊನೆಯ ಗಂಟೆ ಬಾರಿಸಿದಾಗ ನಡೆದದ್ದನ್ನು ಹೇಳುವಾಗ ಸೋಡಾಬುಡ್ಡಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಗಂಟೆಯ ಸದ್ದಿಗೆ ನನ್ನ ಮಗಳು ಥಟ್ಟನೆ ಎದ್ದು ನಿಂತಳಂತೆ. ಕಣ್ಣು ಪೂರ್ತಿ ತೆರೆದಿರಲಿಲ್ಲ. ಕೆನ್ನೆಯ ಮೇಲೆ ಡೆಸ್ಕಿನ ಗೆರೆ. ಕೈಗೆ ಸಿಕ್ಕ ಸ್ಕೇಲಿನಿಂದ ಬೆಂಚಿಗೆ ಟಕ್ ಟಕ್ ಎಂದು ತಟ್ಟಿ, ಇಡೀ ಕೊಠಡಿಗೆ ಕೇಳುವಂತೆ ಹೇಳಿದಳಂತೆ: “ಏಳ್ರೇ, ನಿಮ್ ಸ್ಟಾಪ್ ಬಂತು.”

ಯಾರೂ ನಗಲಿಲ್ಲವಂತೆ. ನಗುವ ವಯಸ್ಸಿನ ಮಕ್ಕಳು, ಮಾನ್ಯರೇ. ಒಬ್ಬರೂ ನಗಲಿಲ್ಲ.

ನಾನು ನಿಮ್ಮ ಕಚೇರಿಗೆ ಮೊದಲೊಮ್ಮೆ ಬರೆದೆ. ಉತ್ತರ ಬಂತು: ‘ಅಭ್ಯರ್ಥಿಯು ಪರೀಕ್ಷೆಯ ಪೂರ್ಣ ಅವಧಿಗೆ ಹಾಜರಿದ್ದು, ಯಾವುದೇ ಅಡಚಣೆ ವರದಿಯಾಗಿರುವುದಿಲ್ಲ.’ ಎರಡೂ ಮಾತು ನಿಜ. ಹಾಜರಿದ್ದಳು. ಅವಳ ನಿದ್ದೆಗೆ ಯಾವ ಅಡಚಣೆಯೂ ಆಗಲಿಲ್ಲ. ಸತ್ಯವನ್ನೇ ಬರೆದು ಇಷ್ಟು ನೋಯಿಸಬಹುದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ರಜೆ ಹಾಕಿ ನಾನೇ ಬಂದೆ. ಊಟದ ಬಿಡುವು ಮುಗಿದು ಸ್ವಲ್ಪ ಹೊತ್ತಾಗಿತ್ತು. ಉದ್ದನೆಯ ಹಾಲಿನಲ್ಲಿ ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ನಾನು ಹೋಗಬೇಕಾದ ಮೇಜಿನ ಗುಮಾಸ್ತರು ಕುರ್ಚಿಗೆ ಒರಗಿ, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ಹದವಾಗಿ ಉಸಿರಾಡುತ್ತಿದ್ದರು. ನಾನು ನಿಂತೆ. ನಿಂತವನನ್ನು ನೋಡಿ ಜವಾನರು ಬಂದು, ಮೇಜಿನ ಅಂಚಿಗೆ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, “ಸಾರ್, ಯಾರೋ ಬಂದಿದ್ದಾರೆ” ಎಂದರು. ಗುಮಾಸ್ತರು ಕಣ್ಣು ತೆರೆದರು. ಜವಾನರ ಮೇಲೆ ಯಾವ ಕ್ರಮವೂ ಜರುಗಲಿಲ್ಲ. ನಿಮ್ಮ ಕಚೇರಿಯಲ್ಲಿ ಎಬ್ಬಿಸುವ ಸೌಲಭ್ಯವಿದೆ ಎಂಬುದು ನಾನು ಕಣ್ಣಾರೆ ಕಂಡ ಸತ್ಯ. ಗುಮಾಸ್ತರನ್ನು ದೂರುತ್ತಿಲ್ಲ, ಊಟದ ಮೇಲೆ ಯಾರಿಗಾದರೂ ತೂಕಡಿಕೆ ಬರುತ್ತದೆ. ಅವರ ಪಕ್ಕದಲ್ಲಿ ಜವಾನರಿದ್ದರು, ನನ್ನ ಮಗಳ ಪಕ್ಕದಲ್ಲಿ ನಿಮ್ಮ ನಿಯಮವಿತ್ತು. ವ್ಯತ್ಯಾಸ ಅಷ್ಟೇ.

“ನಿದ್ದೆ ಮಾಡಿದ್ದು ನಿಮ್ ಮಗಳು. ಅದಕ್ಕೆ ನಾವೇನ್ ಮಾಡಕ್ಕಾಗುತ್ತೆ ಹೇಳಿ?” ಎಂದರು ಗುಮಾಸ್ತರು.

“ಎಬ್ಬಿಸಬಹುದಿತ್ತಲ್ಲ ಸಾರ್.”

“ಅಭ್ಯರ್ಥಿಯನ್ನ ಮುಟ್ಟಬಾರದು, ಮಾತಾಡಿಸಬಾರದು. ಯಾವುದೇ ಥರದ ಸಹಾಯ ಮಾಡಬಾರದು. ಎಬ್ಬಿಸೋದು ಸಹಾಯ ಅಲ್ವೇನ್ರೀ?”

“ಉತ್ತರ ಹೇಳಿಕೊಟ್ಟ ಹಾಗಾಗುತ್ತಾ ಸಾರ್ ಅದು?”

“ಇವತ್ತು ಒಬ್ಬರನ್ನ ಎಬ್ಬಿಸಿದ್ರೆ ನಾಳೆ ಎಲ್ಲರೂ ನಮ್ಮನ್ನೂ ಎಬ್ಬಿಸಿ ಅಂತಾರೆ.”

ಎಲ್ಲರೂ ಪರೀಕ್ಷಾ ಕೊಠಡಿಗೆ ಬಂದು ಮಲಗುವ ಆ ದಿನವನ್ನು ನಾನು ಕಲ್ಪಿಸಿಕೊಳ್ಳಲು ನೋಡಿದೆ. ನೀವು ಮಕ್ಕಳನ್ನು ನಡೆಸಿಕೊಳ್ಳುತ್ತಿರುವ ರೀತಿ ನೋಡಿದರೆ ಅದು ದೂರವಿಲ್ಲ.

ಗುಮಾಸ್ತರು ನನಗೆ ಮೇಲ್ವಿಚಾರಕರ ಕೈಪಿಡಿಯನ್ನು ತೋರಿಸಿದರು. ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಮೊದಲಿಂದ ಕೊನೆಯವರೆಗೆ ಓದಿದೆ. ವಿದ್ಯುತ್ ಹೋದರೆ ಏನು ಮಾಡಬೇಕೆಂದು ಇದೆ. ಶಾಯಿ ಚೆಲ್ಲಿದರೆ ಏನು ಮಾಡಬೇಕೆಂದು ಇದೆ. ಕೊಠಡಿಯೊಳಗೆ ನಾಯಿ ಬಂದರೆ ಅಭ್ಯರ್ಥಿಗಳ ಗಮನ ಕೆಡದಂತೆ ಅದನ್ನು ಹೊರಗೆ ಕಳುಹಿಸಬೇಕು ಎಂದೂ ಇದೆ. ನಾಯಿಯ ವಿಷಯದಲ್ಲಿ ಇಷ್ಟು ದೂರ ಯೋಚಿಸಿದವರಿಗೆ ಮಗು ನಿದ್ದೆ ಹೋಗಬಹುದು ಎಂಬುದು ಹೊಳೆಯಲಿಲ್ಲ. ಅಥವಾ ಹೊಳೆದು, ನಿದ್ದೆ ಹೋಗುವವರು ಸೋಮಾರಿಗಳು, ಅವರ ಬಗ್ಗೆ ಬರೆಯುವುದೇನು ಎಂದುಕೊಂಡಿರೋ?

ಎಬ್ಬಿಸುವುದು ಸಹಾಯವೇ ಹೌದು. ಆದರೆ ಯಾವ ಬಗೆಯ ಸಹಾಯ ಎಂದು ನೋಡಬೇಡವೇ? ನಾನು ಪ್ರಯಾಣಿಕರನ್ನು ಎಬ್ಬಿಸುತ್ತೇನೆ, ಅವರ ಪರವಾಗಿ ಇಳಿಯುವುದಿಲ್ಲ. ಇಳಿಯಬೇಕಾದವರು ಅವರೇ, ಮುಂದೆ ದಾರಿ ನಡೆಯಬೇಕಾದವರೂ ಅವರೇ. ಕೆಲವರು ಎಬ್ಬಿಸಿದರೂ ಮಗ್ಗುಲು ಬದಲಿಸಿ ಮಲಗುತ್ತಾರೆ. ಅದು ಅವರ ಇಷ್ಟ. ಆದರೆ ಎಬ್ಬಿಸುವುದು ನನ್ನ ಇಷ್ಟವಲ್ಲ, ಕೆಲಸ. ಇನ್ನೊಂದು ಮಾತು. ಡೆಸ್ಕಿನ ಮೇಲೆ ತಲೆಯಿಟ್ಟ ಹುಡುಗಿ ನಿದ್ದೆ ಹೋಗಿದ್ದಾಳೋ, ತಲೆಸುತ್ತಿ ಬಿದ್ದಿದ್ದಾಳೋ, ಇನ್ನೇನಾದರೂ ಆಗಿದೆಯೋ ಎಂದು ದೂರದಿಂದ ತಿಳಿಯುವುದು ಹೇಗೆ? ನಿಮ್ಮ ನಿಯಮದ ಪ್ರಕಾರ ಅದು ಕೊನೆಯ ಗಂಟೆ ಬಾರಿಸಿದ ಮೇಲೆ ತಿಳಿಯಬೇಕಾದ ವಿಷಯ.

ಅಂದು ಆ ಕೊಠಡಿಯಲ್ಲಿದ್ದ ಮೇಲ್ವಿಚಾರಕಿಯ ಬಗ್ಗೆ ಬರೆಯುವುದೋ ಬೇಡವೋ ಎಂದು ಬಹಳ ಯೋಚಿಸಿದೆ. “ಬರೀರಿ ಸರ್, ನನ್ನನ್ನೂ ಸೇರಿಸಿ ಬರೀರಿ” ಎಂದು ಅವರೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಅವರು ಚಿಕ್ಕ ವಯಸ್ಸಿನ ಶಿಕ್ಷಕಿ. ಫಲಿತಾಂಶ ಬಂದ ಮಾರನೆಯ ದಿನ ಯಾರನ್ನೋ ಕೇಳಿಕೊಂಡು ನಮ್ಮ ಮನೆ ಹುಡುಕಿ ಬಂದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು, ಒಳಗೆ ಬರಲಿಲ್ಲ.

“ಬನ್ನಿ ತಾಯಿ, ನಿಮ್ಮನ್ನ ಏನೂ ಅನ್ನಲ್ಲ,” ಎಂದಳು ನನ್ನ ಹೆಂಡತಿ.

“ಅನ್ನಿ ಅಕ್ಕಾ. ಏನಾದ್ರೂ ಅಂದ್ರೆ ನನಗೂ ಸ್ವಲ್ಪ ಸಮಾಧಾನ ಆಗುತ್ತೆ,” ಎಂದರು ಅವರು.

ಹಿಂದಿನ ವರ್ಷ ಅವರ ಸಹೋದ್ಯೋಗಿಯೊಬ್ಬರು, ನೋಂದಣಿ ಸಂಖ್ಯೆ ಬರೆಯಲು ಮರೆತ ಹುಡುಗನಿಗೆ ಅದನ್ನು ಬೆರಳಿನಿಂದ ತೋರಿಸಿದ್ದಕ್ಕೆ ಅಮಾನತಾಗಿದ್ದರಂತೆ. ಗೋಡೆಯ ಕ್ಯಾಮೆರಾ ಅದನ್ನು ಹಿಡಿದಿತ್ತು. ಅದೇ ಕ್ಯಾಮೆರಾದ ಕೆಳಗೆ ಇವರು ನನ್ನ ಮಗಳ ಬೆಂಚಿನ ಪಕ್ಕ ಮತ್ತೆ ಮತ್ತೆ ನಡೆದರು, ಹಿಮ್ಮಡಿ ಊರಿ ಸದ್ದು ಮಾಡಿ ನಡೆದರು. ಮುಖಕ್ಕೆ ಬೆಳಕು ಬೀಳಲೆಂದು ಕಿಟಕಿಯ ಇನ್ನೊಂದು ಬಾಗಿಲು ತೆರೆದರು. “ಕೊನೆಗೆ ಅವಳ ಪೆನ್ನು ಕೆಳಗೆ ಬಿದ್ದಿತ್ತು ಸರ್. ಎತ್ತಿಡೋ ನೆಪದಲ್ಲಿ ಬಗ್ಗಿ, ಉಸಿರಾಡ್ತಿದ್ದಾಳಾ ಅಂತ ನೋಡಿದೆ. ಉಸಿರಾಡ್ತಿದ್ದಳು. ಪೆನ್ನನ್ನ ಅವಳ ಬೆರಳ ಹತ್ರ ಇಟ್ಟೆ. ಎಷ್ಟು ಹತ್ರ ಅಂದ್ರೆ, ಒಂದು ಕೂದಲೆಳೆ ಸರಿಸಿದ್ರೆ ತಾಗ್ತಿತ್ತು. ಸರಿಸೋ ಧೈರ್ಯ ಆಗ್ಲಿಲ್ಲ.”

ಇಷ್ಟು ಹೇಳಿ ಅವರು ಬಾಗಿಲಲ್ಲೇ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನ್ನ ಹೆಂಡತಿ ನೀರು ತಂದು ಕೊಟ್ಟಳು. ಮಗಳು ಒಳಗಿನ ಕೋಣೆಯಿಂದ ಬಂದು ಅವರ ಪಕ್ಕ ಕುಳಿತಳು. ಮಾನ್ಯರೇ, ಯಾವ ಕೊಠಡಿ, ಯಾವ ಶಿಕ್ಷಕಿ ಎಂದು ಹುಡುಕಲು ಹೋಗಬೇಡಿ. ಒಂದು ಕೂದಲೆಳೆಯ ದೂರವನ್ನು ದಾಟಲು ಹೆದರುವಂತೆ ಒಬ್ಬ ಒಳ್ಳೆಯ ಹೆಂಗಸನ್ನು ಮಾಡಿದವರು ಯಾರು ಎಂದು ಹುಡುಕಿ. ಅದಕ್ಕೆ ನೀವು ಬಹಳ ದೂರ ಹೋಗಬೇಕಾಗಿಲ್ಲ.

ಅನುತ್ತೀರ್ಣಳಾದದ್ದಕ್ಕೆ ನಾನು ಈ ಪತ್ರ ಬರೆಯುತ್ತಿಲ್ಲ. ಪೂರಕ ಪರೀಕ್ಷೆ ಇದೆ, ಗಣಿತ ಅವಳಿಗೆ ಗೊತ್ತಿದೆ, ಬರೆದರೆ ಪಾಸಾಗುತ್ತಾಳೆ. ಬರೆಯಲು ಒಪ್ಪಬೇಕಲ್ಲ? ಅದಕ್ಕೂ ಮೊದಲು ಮಲಗಬೇಕಲ್ಲ?

ಅಂದಿನಿಂದ ಮಗಳು ಮಲಗುವುದಿಲ್ಲ. ನಿದ್ದೆ ಬರುವುದಿಲ್ಲ ಎಂದಲ್ಲ. ಬರುತ್ತದೆ, ಬಂದ ಕೂಡಲೇ ಎದ್ದು ಕೂರುತ್ತಾಳೆ. ಹಾಸಿಗೆ ಬೇಡ ಎನ್ನುತ್ತಾಳೆ. ಗೋಡೆಗೆ ಒರಗಿಸಿದ ಮರದ ಕುರ್ಚಿಯಲ್ಲಿ, ಸುಖವಾಗದಂತೆ ಕಾಲು ಮಡಚಿ ಕೂರುತ್ತಾಳೆ. ಅಲಾರಂ ಇಡುತ್ತಾಳೆ, ಅದು ಹೊಡೆಯದಿದ್ದರೆ ಎಂದು ಅದನ್ನೇ ನೋಡುತ್ತ ಕೂರುತ್ತಾಳೆ. “ನಾನು ಎಬ್ಬಿಸ್ತೀನಿ ಮಲಗು ಕಂದಾ” ಎಂದು ಅವಳಮ್ಮ ಪಕ್ಕದಲ್ಲಿ ಕುಳಿತರೆ, “ನೀನೂ ಮಲಗಿಬಿಟ್ರೆ?” ಎನ್ನುತ್ತಾಳೆ. ಡಾಕ್ಟರು ಮಾತ್ರೆ ಬರೆದುಕೊಟ್ಟರು. “ಮಾತ್ರೆ ತಗೊಂಡು ಏಳದೇ ಇದ್ರೆ?” ಎಂದು ಅದನ್ನು ಮುಟ್ಟಲಿಲ್ಲ. ಕಣ್ಣ ಕೆಳಗೆ ಕಪ್ಪು ಕಟ್ಟಿದೆ. ಹದಿಹರೆಯದ ಹುಡುಗಿ, ಮುದುಕಿಯಂತೆ ಗೋಡೆ ಹಿಡಿದು ನಡೆಯುತ್ತಾಳೆ. ಇಡೀ ಮಹಡಿಯನ್ನು ಎಬ್ಬಿಸುತ್ತಿದ್ದವಳಿಗೆ ತನ್ನನ್ನು ಎಬ್ಬಿಸುವವರು ಈ ಲೋಕದಲ್ಲಿ ಯಾರೂ ಇಲ್ಲ ಎಂದು ನೀವು ಒಂದೇ ಬೆಳಗಿನಲ್ಲಿ ಕಲಿಸಿಬಿಟ್ಟಿರಿ. ಮಿಕ್ಕ ಪಾಠಗಳನ್ನು ಮಕ್ಕಳು ಮರೆಯುತ್ತಾರೆ. ಇದನ್ನು ಮರೆಯುವುದಿಲ್ಲ.

ನಿದ್ದೆ ಎಂದರೇನೆಂದು ನಾನು ಇಷ್ಟು ವರ್ಷ ಯೋಚಿಸಿರಲಿಲ್ಲ. ದಣಿದವರು ಮಲಗುತ್ತಾರೆ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ದಣಿವೊಂದೇ ಸಾಲದು. ಯಾರೋ ಎಬ್ಬಿಸುತ್ತಾರೆ ಎಂಬ ನಂಬಿಕೆಯೂ ಬೇಕು. ನನ್ನ ಬಸ್ಸಿನಲ್ಲಿ ಜನ ಬಾಯಿ ತೆರೆದು ಮಲಗುವುದು ಸೀಟು ಮೆತ್ತಗಿದೆ ಎಂದಲ್ಲ. ಹತ್ತುವಾಗಲೇ, “ಸ್ವಲ್ಪ ಎಬ್ಬಿಸಿ ಸ್ವಾಮಿ” ಎಂದು ಹೇಳಿರುತ್ತಾರೆ. ನಾನು ತಲೆಯಾಡಿಸಿರುತ್ತೇನೆ. ಅಷ್ಟರ ಮೇಲೆ ಮಲಗುತ್ತಾರೆ. ನಿಮ್ಮ ಭಿತ್ತಿಚಿತ್ರದಲ್ಲಿ ಬೆಚ್ಚಗಿನ ಹಾಲಿದೆ, ಹಗುರ ಮನಸ್ಸಿದೆ. ತಲೆಯಾಡಿಸುವವರು ಯಾರೂ ಇಲ್ಲ.

ಕಳೆದ ಭಾನುವಾರ ನನ್ನ ಹೆಂಡತಿ, “ಅವಳನ್ನ ನಿಮ್ಮ ಜೊತೆ ಕರ್ಕೊಂಡು ಹೋಗಿ, ಸ್ವಲ್ಪ ಗಾಳಿಯಾದ್ರೂ ಆಡಲಿ” ಎಂದಳು. ಮಧ್ಯಾಹ್ನದ ಟ್ರಿಪ್ಪು, ಜನ ಕಡಿಮೆ. ಮಗಳನ್ನು ಡ್ರೈವರಣ್ಣನ ಹಿಂದಿನ ಸೀಟಿನಲ್ಲಿ ಕೂರಿಸಿದೆ. ಡ್ರೈವರಣ್ಣ ಅವಳನ್ನು ಚಿಕ್ಕಂದಿನಿಂದ ಕಂಡವನು. ಕನ್ನಡಿಯಲ್ಲಿ ನೋಡಿ, “ಏನ್ ಕಂಡಕ್ಟರ್ ಮೇಡಂ, ರೈಟ್ ಹೇಳ್ತೀರಾ?” ಎಂದ. ಅವಳು ಸ್ವಲ್ಪ ನಕ್ಕಳು. ಬಸ್ಸು ಹೊರಟಿತು. ಮೂರ್ನಾಲ್ಕು ಸ್ಟಾಪು ದಾಟಿದ ಮೇಲೆ ಅವಳ ತಲೆ ಕಿಟಕಿಗೆ ತಾಗಿತು, ಎದ್ದಳು. ಮತ್ತೆ ತಾಗಿತು, ಮತ್ತೆ ಎದ್ದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅಪ್ಪಾ, ಕೊನೇ ಸ್ಟಾಪ್ ಬಂದಾಗ ಎಬ್ಬಿಸ್ತೀಯಲ್ಲಾ?”

“ಎಬ್ಬಿಸ್ತೀನಿ.”

“ಮರೆಯಲ್ವಲ್ಲಾ?”

“ನನ್ನ ಕೆಲಸಾನೇ ಅದಲ್ವೇನಮ್ಮಾ.”

ಮಲಗಿದಳು. ಅದು ನಿದ್ದೆಯಲ್ಲ ಮಾನ್ಯರೇ, ಬಾವಿಗೆ ಕಲ್ಲು ಬಿದ್ದಂತೆ. ಬಸ್ಸು ರಸ್ತೆಯ ಗುಂಡಿಗೆ ಬಿದ್ದು ಹಾರಿದಾಗಲೂ ಅಲುಗಲಿಲ್ಲ. ಬಸ್ಸಿನಲ್ಲಿದ್ದವರಿಗೆ ನಾನೇನೂ ಹೇಳಿರಲಿಲ್ಲ, ಆದರೂ ಮುಖ ನೋಡಿಯೇ ಏನೋ ತಿಳಿಯಿತು ಅನ್ನಿಸುತ್ತದೆ. ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ ಒಬ್ಬರು ದನಿ ತಗ್ಗಿಸಿದರು. ಡ್ರೈವರಣ್ಣ ಹಾರ್ನ್ ಮುಟ್ಟಲಿಲ್ಲ. ಸೀಟಿ ಊದಬೇಕಾದಲ್ಲಿ ನಾನು ಬಾಗಿಲಿನ ತಗಡಿಗೆ ಅಂಗೈಯಿಂದ ಮೆಲ್ಲಗೆ ತಟ್ಟಿದೆ.

ಕೊನೆಯ ಸ್ಟಾಪು ಬಂತು. ಎಲ್ಲರೂ ಇಳಿದರು. ಡ್ರೈವರಣ್ಣ ಇಂಜಿನ್ ಆರಿಸಿ ಹಿಂದೆ ತಿರುಗಿ, “ಮಲಗಲಿ ಬಿಡು. ಮುಂದಿನ ಟ್ರಿಪ್ಪಿಗೆ ಇನ್ನೂ ಹೊತ್ತಿದೆ” ಎಂದ. ಬಿಡಬಹುದಿತ್ತು. ತಿಂಗಳುಗಳ ನಂತರ ಮಗಳು ಮಲಗಿದ್ದಳು. ಅವಳ ಉಸಿರಿಗೆ ಮುಖದ ಮೇಲೆ ಬಿದ್ದ ಕೂದಲು ಏರಿ ಇಳಿಯುತ್ತಿತ್ತು. ಯಾವ ಅಪ್ಪನಿಗೆ ಕೈ ಬರುತ್ತದೆ ಹೇಳಿ? ಆದರೆ ಎಬ್ಬಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ಆ ಮಾತಿನ ಮೇಲೆ ಅವಳು ಮಲಗಿದ್ದಳು. ಅಂದು ಎಬ್ಬಿಸದಿದ್ದರೆ ಮತ್ತೆಂದೂ ನನ್ನ ಮಾತು ನಂಬಿ ಕಣ್ಣು ಮುಚ್ಚುತ್ತಿರಲಿಲ್ಲ. ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಜನರನ್ನು ಎಬ್ಬಿಸಿದ್ದೇನೆ. ಎಬ್ಬಿಸುವ ಮುನ್ನ ಎರಡು ಸಲ ಯೋಚಿಸಿದ್ದು ಅಂದೇ ಮೊದಲು. ಪಂಚ್ ತೆಗೆದು ಹಿಡಿಕೆಗೆ ತಟ್ಟಿದೆ. ಟಕ್ ಟಕ್.

ಕಣ್ಣು ತೆರೆದಳು. ತೆರೆದ ಕೂಡಲೇ ಅವಳ ಬಲಗೈ ಮಡಿಲಲ್ಲಿ ಏನನ್ನೋ ತಡಕಾಡಿತು. ಪೆನ್ನು ಹುಡುಕುತ್ತಿದ್ದಳು.

“ಟೈಮ್ ಆಗೋಯ್ತಾ ಅಪ್ಪಾ?”

“ಇಲ್ಲ ಕಂದಾ. ಇನ್ನೂ ಇದೆ.”

ಸುತ್ತ ನೋಡಿದಳು. ಖಾಲಿ ಬಸ್ಸು, ನಾನು, ಡ್ರೈವರಣ್ಣ. ಎಲ್ಲಿದ್ದೇನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕೇಳಿದಳು: “ಅಪ್ಪಾ, ಈ ಸಲ ಪರೀಕ್ಷೆಯಲ್ಲಿ ನಿದ್ದೆ ಬಂದ್ರೆ ಅವರು ಎಬ್ಬಿಸ್ತಾರಾ?”

ನಾನು ಕಂಡಕ್ಟರ್. ಈ ಬಸ್ಸು ಅಲ್ಲಿಗೆ ಹೋಗುತ್ತದಾ ಎಂದು ಯಾರೇ ಕೇಳಿದರೂ ಹೋಗುತ್ತದೆ ಅಥವಾ ಹೋಗುವುದಿಲ್ಲ ಎಂದು ಥಟ್ಟನೆ ಹೇಳಿ ಅಭ್ಯಾಸ. ಆದರೆ ಎಬ್ಬಿಸುತ್ತಾರೆ ಎಂದರೆ ಸುಳ್ಳಾಗುತ್ತಿತ್ತು. ಇಲ್ಲ ಎಂದರೆ ಅವಳು ಆ ಕೊಠಡಿಗೆ ಕಾಲಿಡುವುದಿಲ್ಲ. “ಕೇಳಿ ಹೇಳ್ತೀನಮ್ಮಾ” ಎಂದೆ. ಅದಕ್ಕಾಗಿ ಈ ಪತ್ರ. ನಿಮ್ಮ ಕಚೇರಿಯಲ್ಲಿ ಆ ಭೇಟಿಯ ನಂತರ ನಾನು ಬರೆದ ಪತ್ರಗಳು ಚೆನ್ನಾಗಿ ನಿದ್ದೆ ಮಾಡುತ್ತಿರುವುದರಿಂದ ಇದನ್ನು ಪತ್ರಿಕೆಯ ಮೂಲಕ ಕಳುಹಿಸುತ್ತಿದ್ದೇನೆ. ಎಲ್ಲರ ಮುಂದೆ ತಟ್ಟಿದರೆ ಕೇಳಿಸೀತೇನೋ.

ನಾನು ಅಂಕ ಕೇಳುತ್ತಿಲ್ಲ, ಮರುಮೌಲ್ಯಮಾಪನ ಕೇಳುತ್ತಿಲ್ಲ, ಯಾರನ್ನೂ ಶಿಕ್ಷಿಸಿ ಎನ್ನುತ್ತಿಲ್ಲ. ಸೂರ್ಯೋದಯಕ್ಕೆ ಮುಂಚಿನ ನಿಮ್ಮ ‘ವಿಶೇಷ ಅಧ್ಯಯನ’ವನ್ನು ನಿಲ್ಲಿಸಿ, ಮಕ್ಕಳನ್ನು ಎಬ್ಬಿಸುವ ಕೆಲಸವನ್ನು ಮಕ್ಕಳ ತಲೆಗೆ ಕಟ್ಟಬೇಡಿ. ಅದು ಮುಂದಿನ ವರ್ಷಕ್ಕಾದರೂ ಸರಿ. ಆದರೆ ಪೂರಕ ಪರೀಕ್ಷೆಗೆ ಮುನ್ನ ಮೇಲ್ವಿಚಾರಕರ ಕೈಪಿಡಿಗೆ, ನಾಯಿಯ ಸಾಲಿನ ಕೆಳಗಾದರೂ ಸರಿಯೇ, ಒಂದು ಸಾಲು ಸೇರಿಸಿ: ‘ಅಭ್ಯರ್ಥಿಯು ನಿದ್ದೆ ಹೋದಲ್ಲಿ ಬೆಂಚಿಗೆ ತಟ್ಟಿ ಎಬ್ಬಿಸತಕ್ಕದ್ದು.’ ಎಬ್ಬಿಸಬಹುದು ಎಂದು ಬರೆಯಬೇಡಿ. ಬಹುದು ಎಂದರೆ ಆ ಶಿಕ್ಷಕಿ ಮತ್ತೆ ಕ್ಯಾಮೆರಾ ನೋಡುತ್ತಾರೆ. ತಕ್ಕದ್ದು ಎಂದೇ ಬರೆಯಿರಿ.

ಬರೆದ ದಿನ ಆ ಸಾಲನ್ನು ಇದೇ ಪತ್ರಿಕೆಯಲ್ಲಿ ಪ್ರಕಟಿಸಿ. ನಾನು ಹೇಗೂ ಓದುತ್ತೇನೆ. ಮನೆಗೆ ಒಯ್ದು ಆ ಮರದ ಕುರ್ಚಿಯ ಪಕ್ಕ ಕುಳಿತು ಅವಳಿಗೆ ಓದಿ ಹೇಳುತ್ತೇನೆ. ಎರಡು ಸಲ ಓದು ಎನ್ನುತ್ತಾಳೆ, ಓದುತ್ತೇನೆ. ಪರೀಕ್ಷೆ ಬರೆಯುವುದು ಆಮೇಲಿನ ಮಾತು. ಮೊದಲು ಅವಳು ಎದ್ದು ಹಾಸಿಗೆಗೆ ಹೋಗಲಿ.

ಇಂತಿ,
ನಿಮ್ಮ ತಲೆಯಾಡಿಕೆಗಾಗಿ ಕಾದಿರುವ,
ಊರವರನ್ನೆಲ್ಲ ಅವರವರ ಸ್ಟಾಪಿನಲ್ಲಿ ಎಬ್ಬಿಸಿ ಇಳಿಸಿದ,
ಸ್ವಂತ ಮಗಳನ್ನು ಮಲಗಿಸಲಾರದ ಒಬ್ಬ ಕಂಡಕ್ಟರ್